ರಗ್ಬಿ ವಿಶ್ವಕಪ್ ತಂಡಕ್ಕೆ ಹುಡುಗರೋ, ಅನುಭವಿಗಳೋ?

ಪ್ರಶ್ನೆ: "2023ರ ರಗ್ಬಿ ವಿಶ್ವಕಪ್‌ಗೆ ಆಸ್ಟ್ರೇಲಿಯಾ ಹುಡುಗರನ್ನ ನಂಬಿ ಹೋಗಿ ಗುಂಪಿನ ಹಂತದಲ್ಲೇ ಸೋತು ಬಂತು. ಮೂವತ್ತು ದಾಟಿದವರನ್ನ ಇಟ್ಟುಕೊಂಡ ದಕ್ಷಿಣ ಆಫ್ರಿಕಾ ಕಪ್ ಗೆದ್ದಿತು. ಹಂಗಾದ್ರ ದೊಡ್ಡ ಟೂರ್ನಿಗೆ ಹುಡುಗರನ್ನ ಆರಿಸೋದೇ ತಪ್ಪಾ? ನಮ್ಮ ತಾಲ್ಲೂಕು ಕಬಡ್ಡಿ ತಂಡ ಕಟ್ಟುವಾಗಲೂ ಪ್ರತಿ ವರ್ಷ ಇದೇ ಜಗಳ." (ಗಂಗಾವತಿಯ ಓದುಗರು)

ಹುಡುಗರನ್ನು ಆರಿಸುವುದು ತಪ್ಪಲ್ಲ. ಇಡೀ ತಂಡಕ್ಕೆ ಒಂದೇ ಉತ್ತರ ಹುಡುಕುವುದು ತಪ್ಪು. ರಗ್ಬಿಯಲ್ಲಿ 1ರಿಂದ 15ರವರೆಗಿನ ಅಂಗಿ ಸಂಖ್ಯೆ ಅಂದರೆ ಆಟಗಾರನ ಜಾಗ, ಅವನ ಕೆಲಸ. ಈ ಪ್ರಶ್ನೆಯನ್ನು ಒಂದೊಂದು ಅಂಗಿಗೂ ಬೇರೆಯಾಗಿ ಕೇಳಬೇಕು. ಮೈದಾನದ ಅಂಚಿನಲ್ಲಿ ಓಡುವ 14ನೇ ಅಂಗಿಗೆ 19 ವರ್ಷದ ಹುಡುಗ ಸಾಕು, 3ನೇ ಅಂಗಿಗೆ ಅದೇ ವಯಸ್ಸಿನವನನ್ನು ಇಳಿಸಿದರೆ ಪಂದ್ಯದ ಜೊತೆಗೆ ಅವನ ಕುತ್ತಿಗೆಯೂ ಅಪಾಯಕ್ಕೆ ಬೀಳುತ್ತದೆ.

ಮೊದಲು ಆ 3ನೇ ಅಂಗಿಯನ್ನೇ ನೋಡೋಣ. ಸ್ಕ್ರಮ್‌ನಲ್ಲಿ ಎಂಟು ಜನ ಒಬ್ಬರನ್ನೊಬ್ಬರು ಹಿಡಿದು ಎದುರಾಳಿಯ ಎಂಟು ಜನರನ್ನು ತಳ್ಳುತ್ತಾರೆ. ಅಂತರರಾಷ್ಟ್ರೀಯ ತಂಡದ ಎಂಟು ಜನರ ಒಟ್ಟು ತೂಕ ಸುಮಾರು 900 ಕೆಜಿ. ನಮ್ಮ ಕಡೆ ಭತ್ತದ ಲೆಕ್ಕದಲ್ಲಿ ಹೇಳುವುದಾದರೆ 75 ಕೆಜಿಯ 12 ಚೀಲ. ಮುಂದಿನ ಸಾಲಿನಲ್ಲಿ ಮೂವರು: 1 ಮತ್ತು 3 ಪ್ರಾಪ್‌ಗಳು, ನಡುವೆ 2ನೇ ಸಂಖ್ಯೆಯ ಹುಕರ್. 1ನೇ ಪ್ರಾಪ್‌ನ ತಲೆಯ ಒಂದು ಬದಿ ಬಿಡುವಾಗಿರುತ್ತದೆ. 3ನೇ ಪ್ರಾಪ್‌ನ ತಲೆ ಎದುರಾಳಿಯ ಪ್ರಾಪ್ ಮತ್ತು ಹುಕರ್ ನಡುವೆ ಸಿಕ್ಕಿಕೊಂಡು, ಎರಡೂ ಹೆಗಲ ಮೇಲೆ ಭಾರ ಬೀಳುತ್ತದೆ. ಬೆನ್ನು ನೇರವಾಗಿರಬೇಕು, ಸೊಂಟ ಹೆಗಲಿಗಿಂತ ಮೇಲೇಳಬಾರದು, ಕಾಲು ಹಿಂದಕ್ಕೆ ಜಾರಬಾರದು. ಹೊಸಬನ ತಪ್ಪು ಸಾಮಾನ್ಯವಾಗಿ ಸೊಂಟದಲ್ಲಿ ಶುರುವಾಗುತ್ತದೆ. ಒತ್ತಡ ಬಂದಾಗ ಅದು ಹೊರಕ್ಕೆ ತಿರುಗುತ್ತದೆ, ಹಿಡಿತ ಸಡಿಲವಾಗುತ್ತದೆ, ಸ್ಕ್ರಮ್ ಕುಸಿಯುತ್ತದೆ. ರೆಫರಿ ಪೆನಾಲ್ಟಿ ಕೊಟ್ಟರೆ ಎದುರಾಳಿಗೆ ಮೂರು ಅಂಕದ ಅವಕಾಶ. ಜಿಮ್‌ನಲ್ಲಿ ಎಷ್ಟೇ ಭಾರ ಎತ್ತಿದವನಿಗೂ ಇದು ತಪ್ಪಿದ್ದಲ್ಲ, ಏಕೆಂದರೆ ಎದುರಾಳಿ ಯಾವ ಕೋನದಲ್ಲಿ ತಳ್ಳುತ್ತಾನೆಂದು ಕುತ್ತಿಗೆಯಿಂದ ಓದುವ ವಿದ್ಯೆ ನೂರಾರು ಸ್ಕ್ರಮ್ ಆಡಿದ ಮೇಲಷ್ಟೇ ಬರುತ್ತದೆ. 19 ವರ್ಷದೊಳಗಿನವರ ಪಂದ್ಯದಲ್ಲಿ ಸ್ಕ್ರಮ್ ಒಂದೂವರೆ ಮೀಟರ್‌ಗಿಂತ ಮುಂದೆ ತಳ್ಳುವಂತಿಲ್ಲ ಎಂಬ ನಿಯಮ ಇರುವುದು ಸುರಕ್ಷತೆಗಾಗಿಯೇ.

2003ರ ವಿಶ್ವಕಪ್ ಫೈನಲ್ ಇದಕ್ಕೆ ಒಳ್ಳೆಯ ಸಾಕ್ಷಿ. ಇಂಗ್ಲೆಂಡ್ ಸ್ಕ್ರಮ್‌ನಲ್ಲಿ ಪದೇ ಪದೇ ಪೆನಾಲ್ಟಿ ಬಿಟ್ಟುಕೊಡುತ್ತಿತ್ತು. ನಿಗದಿತ ಸಮಯದ ಕೊನೆಯಲ್ಲಿ ಅಂಥದ್ದೇ ಪೆನಾಲ್ಟಿಯಿಂದ ಆಸ್ಟ್ರೇಲಿಯಾ 14-14 ಸಮ ಮಾಡಿತು. ಆಗ ಬೆಂಚಿನಿಂದ ಬಂದವರು 35 ವರ್ಷದ ಜೇಸನ್ ಲೆನಾರ್ಡ್. ಅವರಿಗೆ 100ಕ್ಕೂ ಹೆಚ್ಚು ಟೆಸ್ಟ್ (ರಗ್ಬಿಯಲ್ಲಿ ಎರಡು ದೇಶಗಳ ನಡುವಿನ ಪಂದ್ಯ) ಆಡಿದ ಅನುಭವವಿತ್ತು. ಅವರು ತಳ್ಳಿ ಗೆಲ್ಲಲು ಹೋಗಲಿಲ್ಲ, ಸ್ಕ್ರಮ್ ಕುಸಿಯದಂತೆ ನಿಂತರು. ಹೆಚ್ಚುವರಿ ಅವಧಿಯಲ್ಲಿ ಇಂಗ್ಲೆಂಡ್ 20-17ರಿಂದ ಗೆದ್ದಿತು.

ಆ ಗೆಲುವಿನ ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದಾಗ ಕಂಬಗಳ ನಡುವೆ ಒದೆಯುವುದು) ಹೊಡೆದ ಜಾನಿ ವಿಲ್ಕಿನ್ಸನ್‌ಗೆ ಆಗಿನ್ನೂ 24. ಹಾಗಿದ್ದರೆ ಅವರು ಹುಡುಗರೋ, ಅನುಭವಿಯೋ? 1998ರ ಜೂನ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಇಂಗ್ಲೆಂಡ್ ಇದೇ ಆಸ್ಟ್ರೇಲಿಯಾ ಎದುರು 76-0 ಸೋತಾಗ 10ನೇ ಅಂಗಿ ತೊಟ್ಟಿದ್ದವರು 19 ವರ್ಷದ ವಿಲ್ಕಿನ್ಸನ್. ಅಲ್ಲಿಂದ ಐದು ವರ್ಷ, ನಡುವೆ 1999ರ ವಿಶ್ವಕಪ್. ಆಯ್ಕೆಗಾರರು ಜನ್ಮದಿನಾಂಕದ ಪಟ್ಟಿಗಿಂತ ಆಡಿದ ಟೆಸ್ಟ್‌ಗಳ ಪಟ್ಟಿಯನ್ನು ಮೊದಲು ನೋಡಬೇಕು ಎನ್ನುವುದು ಇದಕ್ಕೇ. ವಯಸ್ಸು ಬೇರೆ, ಅನುಭವ ಬೇರೆ.

ಈಗ ನಿಮ್ಮ ಪ್ರಶ್ನೆಯ ಆಸ್ಟ್ರೇಲಿಯಾಕ್ಕೆ ಬರೋಣ. ಆ ತಂಡದಲ್ಲಿ ಎಲ್ಲರೂ ಹುಡುಗರಾಗಿರಲಿಲ್ಲ. ಮುಂದಿನ ಸಾಲಿನಲ್ಲಿ 34 ವರ್ಷದ ಜೇಮ್ಸ್ ಸ್ಲಿಪ್ಪರ್ ಇದ್ದರು. ಪೆಟ್ಟು ಬಿದ್ದದ್ದು 10ನೇ ಅಂಗಿಯಲ್ಲಿ. ಫ್ಲೈ ಹಾಫ್ ಅಂದರೆ ಪ್ರತಿ ಚೆಂಡಿಗೂ ಒದೆಯಬೇಕೋ, ಪಾಸ್ ಕೊಡಬೇಕೋ, ಓಡಬೇಕೋ ಎಂದು ತೀರ್ಮಾನಿಸುವವನು. ಕೋಚ್ ಎಡ್ಡಿ ಜೋನ್ಸ್ 35 ವರ್ಷದ ಕ್ವೇಡ್ ಕೂಪರ್ ಅವರನ್ನು ಬಿಟ್ಟು, ಆ ಜಾಗಕ್ಕೆ 22 ವರ್ಷದ ಕಾರ್ಟರ್ ಗೋರ್ಡನ್ ಅವರನ್ನು ಮುಖ್ಯವಾಗಿ ನಂಬಿದರು. 125 ಟೆಸ್ಟ್ ಆಡಿದ್ದ ಮೈಕೆಲ್ ಹೂಪರ್ ಕೂಡ ಪಟ್ಟಿಯಲ್ಲಿರಲಿಲ್ಲ. ಫಿಜಿ ಪಂದ್ಯಕ್ಕೆ ಮೊದಲು ನಾಯಕ ವಿಲ್ ಸ್ಕೆಲ್ಟನ್ ಮತ್ತು ಪ್ರಾಪ್ ಟನಿಯೆಲಾ ಟುಪೌ ಗಾಯಗೊಂಡರು. ಆಸ್ಟ್ರೇಲಿಯಾ 22-15ರಿಂದ ಸೋತಿತು, 1954ರ ನಂತರ ಫಿಜಿಗೆ ಸೋತದ್ದು ಅದೇ ಮೊದಲು. ಗೋರ್ಡನ್ ಅವರನ್ನು ಆ ಪಂದ್ಯದ ನಡುವೆಯೇ ಹೊರಗೆ ಕರೆದರು. ಮುಂದಿನ ವಾರ ವೇಲ್ಸ್ ಎದುರು 40-6ರ ಸೋಲು.

ನಮ್ಮ ಭಾಗದಲ್ಲಿ ಎಳೆ ಹೋರಿ ಪಳಗಿಸುವ ರೈತ ಎರಡು ಹೋರಿಗಳನ್ನು ಒಂದೇ ನೊಗಕ್ಕೆ ಕಟ್ಟುವುದಿಲ್ಲ. ಪಳಗಿದ ಎತ್ತಿನ ಜೋಡಿ ಕಟ್ಟುತ್ತಾನೆ. ಸಾಲು ತಪ್ಪಿದರೆ ಎತ್ತು ಎಳೆದು ತರುತ್ತದೆ. ಗೋರ್ಡನ್‌ಗೆ ಆಸರೆಯಾಗಲು ಅದೇ 10ನೇ ಜಾಗದಲ್ಲಿ ಪಳಗಿದ ಅಂಥ ಎತ್ತು ತಂಡದಲ್ಲಿರಲಿಲ್ಲ. ಆ ಹುಡುಗನಲ್ಲಿ ಕಸುವು ಕಡಿಮೆಯಿತ್ತು ಎಂದು ಹೇಳುವುದು ಅನ್ಯಾಯ. ನೊಗ ಕಟ್ಟಿದವರ ಲೆಕ್ಕ ತಪ್ಪಿತ್ತು.

ಅದೇ ವಿಶ್ವಕಪ್‌ನ ಸೆಮಿಫೈನಲ್ ಇನ್ನೊಂದು ಮುಖ ತೋರಿಸುತ್ತದೆ. ದಕ್ಷಿಣ ಆಫ್ರಿಕಾದ 10ನೇ ಅಂಗಿಯಲ್ಲಿ ಮ್ಯಾನಿ ಲಿಬ್ಬೊಕ್. ವಯಸ್ಸು 26, ಆದರೆ ಮೊದಲ ಟೆಸ್ಟ್ ಆಡಿ ಒಂದು ವರ್ಷವೂ ಆಗಿರಲಿಲ್ಲ. ಮಳೆಯಲ್ಲಿ ಇಂಗ್ಲೆಂಡ್ ಎತ್ತರದ ಒದೆತಗಳಿಂದ ಕಾಡತೊಡಗಿತು. ಅರ್ಧ ಗಂಟೆಯ ಹೊತ್ತಿಗೇ ಲಿಬ್ಬೊಕ್ ಹೊರಗೆ, 2019ರ ಫೈನಲ್‌ನಲ್ಲಿ 22 ಅಂಕ ಗಳಿಸಿದ್ದ ಹಾಂಡ್ರೆ ಪೊಲಾರ್ಡ್ ಒಳಗೆ. ಕೊನೆಯ ನಿಮಿಷಗಳಲ್ಲಿ ಬದಲಿ ಪ್ರಾಪ್ ಆಕ್ಸ್ ನ್ಚೆ ಸ್ಕ್ರಮ್‌ನಲ್ಲಿ ಪೆನಾಲ್ಟಿ ಗಿಟ್ಟಿಸಿದರು, ಪೊಲಾರ್ಡ್ ದೂರದಿಂದ ಒದ್ದರು, 16-15. ಪ್ರಾಪ್ ಮತ್ತು ಫ್ಲೈ ಹಾಫ್: ಅನುಭವ ಬೇಕೇ ಬೇಕು ಎನ್ನುವ ಎರಡು ಜಾಗಗಳೇ ಆ ಪಂದ್ಯ ತೀರ್ಮಾನಿಸಿದವು.

ಹಾಗಂತ ದಕ್ಷಿಣ ಆಫ್ರಿಕಾದ ಲೆಕ್ಕವೆಲ್ಲ ಸರಿಯಾಗಿತ್ತು ಎನ್ನಲಾಗದು. ಗಾಯಗೊಂಡ ಹುಕರ್ ಮಾಲ್ಕಮ್ ಮಾರ್ಕ್ಸ್ ಬದಲಿಗೆ ಕರೆಸಿಕೊಂಡದ್ದು ಇದೇ ಪೊಲಾರ್ಡ್ ಅವರನ್ನು, ಇನ್ನೊಬ್ಬ ಹುಕರ್‌ನನ್ನಲ್ಲ. ಫೈನಲ್‌ನ ಮೊದಲ ಐದು ನಿಮಿಷದೊಳಗೆ ಹುಕರ್ ಬೊಂಗಿ ಎಂಬೊನಾಂಬಿ ಗಾಯಗೊಂಡರು. 37 ವರ್ಷದ ಡಿಯೊನ್ ಫೋರಿ ಉಳಿದ ಪಂದ್ಯ ಪೂರ್ತಿ ಎಳೆಯಬೇಕಾಯಿತು, ಗೆರೆಯಾಚೆ ಹೋದ ಚೆಂಡನ್ನು ಹುಕರ್ ಒಳಗೆಸೆಯುವ ಲೈನ್‌ಔಟ್‌ನಲ್ಲಿ ಚೆಂಡುಗಳು ಕೈತಪ್ಪಿದವು. 12-11ರಿಂದ ಗೆದ್ದರು ನಿಜ, ಕೂದಲೆಳೆಯಷ್ಟರಲ್ಲಿ.

ಹುಡುಗರಿಗೆ ತಕ್ಕ ಜಾಗ ಯಾವುದು? ಅಂಚಿನ ವಿಂಗ್‌ಗಳಾದ 11, 14 ಮತ್ತು ಸ್ವಲ್ಪ ಮಟ್ಟಿಗೆ ಎಲ್ಲರ ಹಿಂದೆ ಕಾಯುವ 15. ವಿಂಗ್‌ನಲ್ಲಿ ವೇಗವೇ ಬಂಡವಾಳ, ವೇಗ ಇಪ್ಪತ್ತರ ಆಸುಪಾಸಿನಲ್ಲೇ ಕೈಗೆ ಬಂದಿರುತ್ತದೆ. ವೇಲ್ಸ್‌ನ ಜಾರ್ಜ್ ನಾರ್ತ್ 2010ರಲ್ಲಿ 18ನೇ ವಯಸ್ಸಿಗೆ ಮೊದಲ ಟೆಸ್ಟ್‌ನಲ್ಲೇ ದಕ್ಷಿಣ ಆಫ್ರಿಕಾ ವಿರುದ್ಧ ಎರಡು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಹೊಡೆದರು. ಆದರೂ ವಿಂಗ್ ಅಂದರೆ ಬರೀ ಓಟವಲ್ಲ. ನ್ಯೂಜಿಲೆಂಡ್‌ನ ಜೋನಾ ಲೋಮು 1994ರಲ್ಲಿ 19ನೇ ವಯಸ್ಸಿಗೆ ಫ್ರಾನ್ಸ್ ವಿರುದ್ಧ ಇಳಿದಾಗ, ರಕ್ಷಣೆಯಲ್ಲಿ ಎಲ್ಲಿ ನಿಲ್ಲಬೇಕೆಂಬುದು ಗೊತ್ತಾಗದೆ ಒದ್ದಾಡಿದರು. ಮರುವರ್ಷ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು ನಾಲ್ಕು ಟ್ರೈ. ಕಲಿಯಲು ಅವರಿಗೆ ನಡುವೆ ಒಂದು ವರ್ಷ ಸಿಕ್ಕಿತ್ತು.

ಈ ಬೆರಕೆಯ ಒಳ್ಳೆಯ ಮಾದರಿ ನಮ್ಮ ದೃಷ್ಟಿಯಲ್ಲಿ 2015ರ ನ್ಯೂಜಿಲೆಂಡ್. ನಾಯಕ ರಿಚಿ ಮೆಕಾ 34, ಫ್ಲೈ ಹಾಫ್ ಡ್ಯಾನ್ ಕಾರ್ಟರ್ 33, ಮೈದಾನದ ನಡುವೆ ಆಡುವ ಸೆಂಟರ್ ಜೋಡಿ ನೋನು 33 ಮತ್ತು ಕಾನ್ರಡ್ ಸ್ಮಿತ್ 34. ಇವರ ಹೊರಗೆ ವಿಂಗ್‌ನಲ್ಲಿ ನೆಹೆ ಮಿಲ್ನರ್-ಸ್ಕಡರ್, ಅದೇ ವರ್ಷದ ಆಗಸ್ಟ್‌ನಲ್ಲಿ ಮೊದಲ ಟೆಸ್ಟ್ ಆಡಿದವರು. ಫೈನಲ್‌ನ ಮೊದಲ ಟ್ರೈ ಅವರದೇ.

ಆಯ್ಕೆಗೆ ಕೂತಾಗ ಪ್ರತಿ ಜಾಗಕ್ಕೂ ಮೂರು ಹೆಸರು ಬರೆದು, ಎದುರಿಗೆ ಕಳೆದ 24 ತಿಂಗಳಲ್ಲಿ ಆಡಿದ ನಿಮಿಷಗಳನ್ನು ಬರೆಯಿರಿ. ಮೂರನೆಯ ಹೆಸರಿನವನಿಗೆ ಸೊನ್ನೆ ಇದ್ದರೆ ಅಲ್ಲೇ ಅಪಾಯ. 2011ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್‌ನ ಫ್ಲೈ ಹಾಫ್‌ಗಳು ಸಾಲಾಗಿ ಗಾಯಗೊಂಡು, ಪಟ್ಟಿಯಲ್ಲೇ ಇಲ್ಲದಿದ್ದ ಸ್ಟೀಫನ್ ಡೊನಾಲ್ಡ್ ಫೈನಲ್‌ನಲ್ಲಿ ಗೆಲುವಿನ ಪೆನಾಲ್ಟಿ ಒದೆಯಬೇಕಾಯಿತು. ಅವರು ಮೊದಲೇ ಟೆಸ್ಟ್ ಆಡಿದ್ದವರಾದ್ದರಿಂದ 8-7 ದಕ್ಕಿತು. ಆಮೇಲೆ ಜೋಡಿಗಳನ್ನು ನೋಡಿ: ಸ್ಕ್ರಮ್‌ನಿಂದ ಚೆಂಡು ತೆಗೆದು ಕೊಡುವ 9 ಮತ್ತು ಅದನ್ನು ಪಡೆಯುವ 10, ಸೆಂಟರ್‌ಗಳಾದ 12 ಮತ್ತು 13, ಲೈನ್‌ಔಟ್‌ಗೆ ಚೆಂಡೆಸೆಯುವ 2 ಮತ್ತು ಜಿಗಿಯುವ 4, 5. ಒಂದೇ ಜೋಡಿಯಲ್ಲಿ ಇಬ್ಬರೂ ಹೊಸಬರಾಗುವುದು ಬೇಡ. 23 ಜನರ ಪಂದ್ಯದ ಪಟ್ಟಿಯಲ್ಲಿ ಮುಂದಿನ ಸಾಲು ಆಡಬಲ್ಲವರು ಆರು ಜನ ಇರಲೇಬೇಕೆಂಬುದು ನಿಯಮ. ಹೊಸ ಪ್ರಾಪ್‌ಗೆ ಆ ಬೆಂಚೇ ಶಾಲೆ. ಮೊದಲ ಕೆಲವು ಟೆಸ್ಟ್‌ಗಳಲ್ಲಿ 60ನೇ ನಿಮಿಷದ ನಂತರ, ತವರಿನ ಪಂದ್ಯದಲ್ಲಿ ಇಳಿಸಿ. ಹೊಸ ಫ್ಲೈ ಹಾಫ್‌ಗಾದರೆ ವಿಶ್ವಕಪ್‌ಗೆ ಎರಡು ವರ್ಷ ಮೊದಲೇ ಅವಕಾಶ ಶುರುವಾಗಬೇಕು. ಕೊನೆಯ ವರ್ಷದ ಪ್ರಯೋಗ ವಿಂಗ್‌ಗೆ ಸಾಕು.

ಹಿರಿಯನನ್ನು ಹೆಸರಿನ ಮೇಲೆ ಉಳಿಸಿಕೊಳ್ಳುವುದೂ ಅಷ್ಟೇ ದೊಡ್ಡ ತಪ್ಪು. ಫೈನಲ್ ತನಕ ಹೋದರೆ ಏಳು ವಾರದಲ್ಲಿ ಏಳು ಪಂದ್ಯ. ಅವನ ಹಿಂದಿನ ಮೂರು ಪಂದ್ಯದ ವಿಡಿಯೊದಲ್ಲಿ ದ್ವಿತೀಯಾರ್ಧ ಮಾತ್ರ ನೋಡಿ. ಟ್ಯಾಕಲ್ ಮಾಡಿ ಬಿದ್ದವನು ಎದ್ದು ಸಾಲಿಗೆ ಸೇರಲು ಎಷ್ಟು ಸೆಕೆಂಡ್ ಬೇಕಾಯಿತು, ಎಷ್ಟು ಟ್ಯಾಕಲ್ ತಪ್ಪಿತು, ಪಂದ್ಯ ಮುಗಿದ ಮೂರನೇ ದಿನ ಪೂರ್ತಿ ತಾಲೀಮು ಮಾಡಬಲ್ಲನೇ. ಏಳುವುದು ನಿಧಾನವಾಗಿದ್ದರೆ ಹಳೆಯ ಪದಕ ನೋಡಿ ಜಾಗ ಕೊಡಬೇಡಿ.

ಇನ್ನು ನಿಮ್ಮ ಕಬಡ್ಡಿ. ಅಂಕಣದೊಳಗಿನ ಏಳು ಜನರಿಗೂ ಇದೇ ಲೆಕ್ಕ. ಎಡ ಕಾರ್ನರ್, ಬಲ ಕಾರ್ನರ್‌ಗಳು ಅನುಭವದ ಜಾಗ. ರೇಡರ್‌ನ ಕಾಲಿಗೆ ಯಾವಾಗ ಹಾಯಬೇಕು, ಯಾವಾಗ ಬಿಟ್ಟು ನಿಲ್ಲಬೇಕು ಎಂಬುದು ಆಡಿ ಆಡಿಯೇ ಬರುವುದು. ಅವಸರಪಟ್ಟು ಹಾರಿದ ಕಾರ್ನರ್ ಒಬ್ಬನೇ ಔಟಾಗುವುದಿಲ್ಲ, ಸರಪಳಿ ಒಡೆದು ಪಕ್ಕದವನನ್ನೂ ಬಲಿ ಕೊಡುತ್ತಾನೆ. ರೇಡ್‌ಗೆ ಹುಡುಗನನ್ನು ಧೈರ್ಯವಾಗಿ ಕಳಿಸಬಹುದು. 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪಟ್ನಾವನ್ನು 37-36ರಿಂದ ಸೋಲಿಸಿ ಪ್ರೊ ಕಬಡ್ಡಿ ಗೆದ್ದ ದೆಹಲಿ ತಂಡ ಹಾಗೆಯೇ ಇತ್ತು. ಹಿಡಿಯಲು ಜೋಗಿಂದರ್ ನರ್ವಾಲ್, ಮಂಜೀತ್ ಚಿಲ್ಲರ್ ಅವರಂಥ ಹಳೆಯ ಹುಲಿಗಳು, ರೇಡ್‌ಗೆ 22 ವರ್ಷದ ನವೀನ್ ಕುಮಾರ್. ತಾಲ್ಲೂಕು ತಂಡಕ್ಕೆ ಒಬ್ಬ ಹೊಸ ಕಾರ್ನರ್ ಬೇಕೇ ಬೇಕೆಂದರೆ ಅವನ ಪಕ್ಕದ ಕವರ್‌ನಲ್ಲಿ ನಿಮ್ಮ ಹಳೆಯ ಡಿಫೆಂಡರ್‌ನನ್ನು ನಿಲ್ಲಿಸಿ. ತಾಲೀಮಿನ ಮೊದಲ ದಿನದಿಂದಲೇ ಆ ಇಬ್ಬರೂ ಕೈ ಕೈ ಹಿಡಿದು ಆಡಲಿ, ಪಂದ್ಯದ ದಿನ ಆ ಜೋಡಿಯನ್ನು ಬದಲಿಸಬೇಡಿ.