ಪದ ಪರಿಚಯ: ಹೆಲಿಕಾಪ್ಟರ್ ಪೇರೆಂಟಿಂಗ್

ಮಗಳು ಹಾಸ್ಟೆಲ್‌ನಿಂದ ಫೋನ್ ಮಾಡುತ್ತಾಳೆ. ಸ್ಕಾಲರ್‌ಶಿಪ್ ಅರ್ಜಿ ನಿಂತುಬಿಟ್ಟಿದೆ. ಆಧಾರ್‌ನಲ್ಲಿ ಹೆಸರಿನ ಸ್ಪೆಲಿಂಗ್ ಒಂದು, ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು. ಅವಳು ಹೇಳಿ ಮುಗಿಸುವ ಮೊದಲೇ ಅಪ್ಪ, "ಒಟಿಪಿ ಬಂದ್ರೆ ಹೇಳು ಪುಟ್ಟಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಅನ್ನುತ್ತಾರೆ. ಕೆಲಸ ಆಗುತ್ತದೆ. ಆದರೆ ಕ್ಯೂ ನಿಂತು, ನಾಲ್ಕು ಜನರನ್ನು ಕೇಳಿ, ತಾನೇ ಸರಿಮಾಡಿಸಿಕೊಂಡು ಬರುವ ಅವಕಾಶ ಅವಳ ಕೈತಪ್ಪುತ್ತದೆ.

ಹೀಗೆ ಮಕ್ಕಳ ತಲೆ ಮೇಲೆ ಸದಾ ಸುತ್ತುತ್ತಾ, ಅವರು ಎಡವುವ ಮೊದಲೇ ಇಳಿದು ಎತ್ತಿಕೊಳ್ಳುವ ರೀತಿಗೆ ಹೆಲಿಕಾಪ್ಟರ್ ಪೇರೆಂಟಿಂಗ್ ಅನ್ನುತ್ತಾರೆ. ಹೋಲಿಕೆ ಹಳೆಯದು. ಅಮ್ಮ ಹೆಲಿಕಾಪ್ಟರ್ ಥರ ನನ್ನ ಮೇಲೇ ಸುತ್ತುತ್ತಾಳೆ ಎಂದು ದೂರುವ ಹುಡುಗನೊಬ್ಬ ಮನಶ್ಶಾಸ್ತ್ರಜ್ಞ ಹೈಮ್ ಗಿನಾಟ್ ಅವರ 1969ರ ಪುಸ್ತಕದಲ್ಲೇ ಇದ್ದಾನೆ.

ಇದರಲ್ಲಿ ಬೈಗುಳವಿಲ್ಲ, ಏಟಿಲ್ಲ. ನೋಡಿದರೆ ಬರೀ ಪ್ರೀತಿ. ಅದಕ್ಕೇ ಗುರುತಿಸುವುದು ಕಷ್ಟ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್ರಿಂಡ್ ಮಕ್ಕಳ ಪಾಲನೆಯ ಮೂರು ರೀತಿಗಳನ್ನು ಹೇಳಿದರು: ಮಾತೇ ಆಡಬೇಡ ಎನ್ನುವ ಬಿಗಿ, ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಸಡಿಲ, ಅಕ್ಕರೆಯ ಜೊತೆ ಕಾರಣ ಹೇಳಿ ನಿಯಮ ಇಡುವ ಮೂರನೆಯದು. ಈ ಮೂರನೆಯದರಲ್ಲಿ ಬೆಳೆದ ಮಕ್ಕಳು ತಮ್ಮ ಕಾಲ ಮೇಲೆ ನಿಲ್ಲುವುದು ಜಾಸ್ತಿ. ಹೆಲಿಕಾಪ್ಟರ್ ರೀತಿಯಲ್ಲೂ ಅಕ್ಕರೆ ತುಂಬಾ ಇರಬಹುದು. ಮಗು ಬೆಳೆದಂತೆ ಹಗ್ಗ ಸಡಿಲವಾಗುವುದಿಲ್ಲ, ಅಷ್ಟೇ.

ಅಮೆರಿಕದ 297 ಕಾಲೇಜು ವಿದ್ಯಾರ್ಥಿಗಳನ್ನು ಮನಶ್ಶಾಸ್ತ್ರಜ್ಞೆ ಹಾಲಿ ಶಿಫ್ರಿನ್ ಮತ್ತು ಸಂಗಡಿಗರು ಕೇಳಿ ನೋಡಿದರು. ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅಪ್ಪ ಅಮ್ಮ ಎಲ್ಲದಕ್ಕೂ ಕೈ ಹಾಕುತ್ತಾರೆ ಎಂದವರಲ್ಲಿ ಖಿನ್ನತೆ ಹೆಚ್ಚಿತ್ತು, ಬದುಕಿನ ಬಗ್ಗೆ ತೃಪ್ತಿ ಕಡಿಮೆಯಿತ್ತು. ಸಂಶೋಧಕರು ಇದಕ್ಕೆ ಕೊಟ್ಟ ಕಾರಣ ನನಗೆ ತುಂಬಾ ಮುಖ್ಯ ಅನಿಸುತ್ತದೆ. "ನನ್ನ ವಿಷಯ ನಾನೇ ತೀರ್ಮಾನ ಮಾಡ್ತೀನಿ", "ಇದು ನನ್ನ ಕೈಲಾಗುತ್ತೆ" ಎನ್ನುವ ಎರಡು ಭಾವನೆಗಳಿಗೆ ಅಲ್ಲಿ ಪೆಟ್ಟು ಬೀಳುತ್ತದೆ. ಬಿದ್ದು ಎದ್ದು ನಿಲ್ಲುವ ಗಟ್ಟಿತನಕ್ಕೆ ಇವೇ ಅಲ್ವಾ ಬೇರು?

ಒಂದು ಎಚ್ಚರಿಕೆ. ಮಗು ಮೊದಲೇ ಕುಗ್ಗಿದ್ದಕ್ಕೆ ಹೆತ್ತವರು ಹತ್ತಿರ ಬಂದಿರಲೂಬಹುದು. ಇಂಥ ಅಧ್ಯಯನದಿಂದ ಯಾವುದು ಮೊದಲು ಎಂದು ತಿಳಿಯುವುದಿಲ್ಲ. ಮನೆಯವರ ಅರ್ಜಿಗಳನ್ನೂ ತಾವೇ ತುಂಬಿಕೊಡುವ ಮಕ್ಕಳು ನಮ್ಮ ಊರುಗಳಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ ಈ ಪದ ಹೊಂದುವುದೇ ಇಲ್ಲ.

ಹಾಗಂತ ಫೋನ್ ಎತ್ತದೆ ಸುಮ್ನೆ ಕೂರಬೇಕಿಲ್ಲ. ಅದೇ ಅಪ್ಪ ಹೀಗೂ ಹೇಳಬಹುದು: "ನಾಳೆ ಆಧಾರ್ ಕೇಂದ್ರಕ್ಕೆ ಹೋಗಿ ಏನೇನು ಬೇಕು ಕೇಳ್ಕೊಂಡು ಬಾ. ಸಂಜೆ ಫೋನ್ ಮಾಡು, ಎಲ್ಲಿಗೆ ಬಂತು ನೋಡೋಣ."