ಫೈಲ್ ತೆರೆಯುವ ಮುಂಚೆ ಹಾಳೆ ಮುಟ್ಟಿ ನೋಡಿ

ನಮ್ಮ ಪ್ರೆಸ್ಸಿಗೆ ಡಿಸೈನ್ ಕಳಿಸುವವರಿಗೆ ನಾನು ಮೊದಲು ಕೇಳುವುದು ಒಂದೇ: ಯಾವ ಹಾಳೆ ಮೇಲೆ? ಹೆಚ್ಚಿನವರು 'ಅದನ್ನ ನೀವೇ ನೋಡ್ಕೊಳ್ರಿ ಸರ್' ಅಂತಾರೆ. ಅಷ್ಟು ಹೊತ್ತಿಗೆ ಬಣ್ಣ, ಅಳತೆ, ಅಕ್ಷರ ಎಲ್ಲ ನಿರ್ಧಾರ ಆಗಿಬಿಟ್ಟಿರುತ್ತದೆ. ಹಾಳೆ ಗೊತ್ತಿಲ್ಲದೆ ಈ ಮೂರನ್ನೂ ನಿರ್ಧರಿಸಲು ಆಗುವುದಿಲ್ಲ.

ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟಿನ ಇಂಕನ್ನು ರಬ್ಬರ್ ಹೊದಿಕೆಯ ಮೂಲಕ ಹಾಳೆಗೆ ಒತ್ತುವ ಅಚ್ಚಿನಲ್ಲಿ, ಸಾಮಾನ್ಯವಾಗಿ ಇರುವುದು ನಾಲ್ಕು ಇಂಕು: ಸಯಾನ್ (ಆಕಾಶ ನೀಲಿ), ಮೆಜೆಂಟಾ (ಕಡು ಗುಲಾಬಿ), ಹಳದಿ, ಕಪ್ಪು. ಬಿಳಿ ಇಲ್ಲ. ಬಿಳಿ ಕೊಡುವುದು ಹಾಳೆ. ಬಣ್ಣದ ಇಂಕುಗಳ ಒಳಗಿಂದ ಹಾಳೆಯ ಬಣ್ಣ ಕಾಣುತ್ತಲೇ ಇರುತ್ತದೆ.

ಬಳ್ಳಾರಿಯಲ್ಲಿ ಇದು ಜಾಸ್ತಿ ಕಾಡುವುದು ಜೀನ್ಸ್ ಟ್ಯಾಗ್‌ಗಳಲ್ಲಿ. ಈಗ ಎಲ್ಲರಿಗೂ ಕಂದು ಬಣ್ಣದ ಕ್ರಾಫ್ಟ್ ಬೋರ್ಡ್ ಬೇಕು. ನೋಡಲು ಚೆನ್ನಾಗಿದೆ, ಜೀನ್ಸ್‌ಗೆ ಒಪ್ಪುತ್ತದೆ. ಆದರೆ ಡಿಸೈನರ್ ಅದರ ಮೇಲೆ ತಿಳಿ ನೀಲಿ ಲೋಗೊ, ಬಿಳಿ ಅಕ್ಷರ ಇಟ್ಟು ಕಳಿಸುತ್ತಾರೆ. ತಿಳಿ ನೀಲಿ ಕಂದಿನ ಮೇಲೆ ಬಿದ್ದು ಕೆಸರು ಹಸಿರಾಗುತ್ತದೆ. ಬಿಳಿ ಅಕ್ಷರ ಇರಬೇಕಾದ ಕಡೆ ಇಂಕೇ ಬೀಳುವುದಿಲ್ಲ, ಬರೀ ಕಂದು ಕಾಣುತ್ತದೆ. ಬಿಳಿ ಬೇಕೇ ಬೇಕು ಅಂದರೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿ. ಅಲ್ಲಿ ಇಂಕು ದಪ್ಪಗೆ ಕೂರುತ್ತದೆ, ಕೆಳಗಿನದನ್ನು ಮುಚ್ಚುತ್ತದೆ. ಇನ್ನೊಂದು ದಾರಿ, ಬಿಳಿ ಕಾರ್ಡಿನ ಮೇಲೆ ಕಂದು ಬಣ್ಣವನ್ನೇ ಅಚ್ಚು ಹಾಕುವುದು. ಕತ್ತರಿಸಿದ ಅಂಚಿನಲ್ಲಿ ಮಾತ್ರ ಬಿಳಿ ಇಣುಕುತ್ತದೆ. ಕೆಲವು ಗಿರಾಕಿಗಳು ಅದನ್ನು ಒಪ್ಪುವುದಿಲ್ಲ, ಮೊದಲೇ ಹೇಳಿಬಿಡಿ.

ಜೀನ್ಸ್ ಅಂದಮೇಲೆ ಗಾಢ ನೀಲಿ ಇದ್ದೇ ಇರುತ್ತದೆ, ಅಲ್ವಾ? ಫೈಲ್‌ನಲ್ಲಿ ಸಯಾನ್ ಶೇಕಡಾ 100, ಮೆಜೆಂಟಾ ಶೇಕಡಾ 100 ಇಟ್ಟರೆ ಅಚ್ಚಾಗಿ ಬರುವುದು ನೇರಳೆ. ಸಯಾನ್ 100 ಇದ್ದರೆ ಮೆಜೆಂಟಾ 70 ದಾಟಬಾರದು. ಕಂಪ್ಯೂಟರ್ ಪರದೆ ಏನು ಬೇಕಾದರೂ ತೋರಿಸಲಿ, ಈ ಲೆಕ್ಕ ಮಾತ್ರ ಬಿಡಬೇಡಿ.

ಇನ್ನು ದಿನನಿತ್ಯದ ಹಾಳೆಗಳು. ಮ್ಯಾಪ್ಲಿಥೋ, ಅಂದರೆ ಲೇಪ ಇಲ್ಲದ ಸಾದಾ ಹಾಳೆ, ಇಂಕು ಕುಡಿಯುತ್ತದೆ. ಫೋಟೊ ಅಚ್ಚಾಗುವ ಸಣ್ಣ ಚುಕ್ಕೆ ಹರಡಿ ದಪ್ಪ ಆಗುತ್ತದೆ, ಫೋಟೊ ಕಪ್ಪಡರುತ್ತದೆ. ಆರ್ಟ್ ಪೇಪರ್ ಮೇಲೆ ಬಿಳಿ ಲೇಪ ಇರುತ್ತದೆ, ಇಂಕು ಮೇಲೇ ನಿಲ್ಲುತ್ತದೆ, ಬಣ್ಣ ಹೊಳೆಯುತ್ತದೆ. ಒಂದೇ ಫೈಲು ಎರಡಕ್ಕೂ ನಡೆಯುವುದಿಲ್ಲ. ನಾನು ಹೇಳುವುದು ಇಷ್ಟು: ನಾಲ್ಕೂ ಬಣ್ಣದ ಶೇಕಡಾವಾರು ಮೊತ್ತ ಆರ್ಟ್ ಪೇಪರ್‌ಗೆ 300ರ ಒಳಗೆ, ಮ್ಯಾಪ್ಲಿಥೋಗೆ 260ರ ಆಸುಪಾಸು ಇರಲಿ. ಮ್ಯಾಪ್ಲಿಥೋಗೆ ಹೋಗುವ ಫೋಟೊದ ಮಧ್ಯದ ಛಾಯೆಗಳನ್ನು ಸ್ವಲ್ಪ ತಿಳಿ ಮಾಡಿ. ಹಾಗಂತ ಎಲ್ಲದಕ್ಕೂ ಆರ್ಟ್ ಪೇಪರ್ ಹಾಕಬೇಡಿ. ರಸೀದಿ ಪುಸ್ತಕಕ್ಕೆ ಅದನ್ನು ಕೇಳಿ ಬರುವವರಿದ್ದಾರೆ! ಪೆನ್ನು ಜಾರುತ್ತದೆ, ರಬ್ಬರ್ ಸ್ಟಾಂಪಿನ ಮಸಿ ಕೈಗೆ ಬರುತ್ತದೆ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ. ಅದು ದಪ್ಪದ ಅಳತೆ ಅಲ್ಲ. 130 ಜಿಎಸ್‌ಎಂ ಆರ್ಟ್ ಪೇಪರ್ ಕೈಯಲ್ಲಿ ಹಿಡಿದರೆ 100 ಜಿಎಸ್‌ಎಂ ಮ್ಯಾಪ್ಲಿಥೋಗಿಂತ ತೆಳ್ಳಗೆ ಅನ್ನಿಸಬಹುದು. ಲೇಪದ ತೂಕವೂ ಅದರಲ್ಲಿ ಸೇರಿದೆ.

ಲಗ್ನಪತ್ರಿಕೆ ಮಾಡುವವರು ಒಂದು ವಿಷಯ ಮರೆಯುತ್ತಾರೆ. ನಮ್ಮಲ್ಲಿ ಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚಿಯೇ ಹಂಚುವುದು. ಲ್ಯಾಮಿನೇಷನ್ ಮಾಡಿದ ಕಾರ್ಡಿಗೆ ನೆನೆಸಿದ ಅರಿಶಿನ ಹಿಡಿಯುವುದಿಲ್ಲ, ಒಣಗಿದ ಮೇಲೆ ಉದುರಿ ಕವರಿನೊಳಗೆ ಪುಡಿಯಾಗಿ ಬೀಳುತ್ತದೆ. ಲೇಪ ಇಲ್ಲದ ಕಾರ್ಡು ಅದನ್ನು ಹೀರಿಕೊಳ್ಳುತ್ತದೆ. ಹಳದಿ 100 ಜೊತೆಗೆ ಚೂರು ಮೆಜೆಂಟಾ ಸೇರಿಸಿ ಮೂಲೆಗೆ ಅರಿಶಿನದ ಬಣ್ಣ ಅಚ್ಚು ಹಾಕಿಸುವವರೂ ಇದ್ದಾರೆ. ಮನೆಯ ಹಿರಿಯರು ಅದರ ಮೇಲೆ ಮತ್ತೆ ಹಚ್ಚಿಯೇ ಹಚ್ಚುತ್ತಾರೆ. ಹಾಗಾಗಿ ಮೂಲೆಯಲ್ಲಿ ಊರು, ಮುಹೂರ್ತದಂಥ ಅಕ್ಷರ ಇಡಬೇಡಿ. ಬಿಳಿಯ ಹಾಗೆ ಚಿನ್ನದ ಹೊಳಪೂ ನಾಲ್ಕು ಇಂಕಿನಲ್ಲಿ ಹುಟ್ಟುವುದಿಲ್ಲ. ಬೇಕಾದರೆ ಫಾಯಿಲ್ (ಹೊಳೆಯುವ ತೆಳು ಪೊರೆ) ಇಲ್ಲವೇ ಬೇರೆ ಚಿನ್ನದ ಇಂಕು ಹಾಕಿಸಬೇಕು.

ಅಳತೆಗೆ ಬರೋಣ. 23×36 ಇಂಚಿನ ಹಾಳೆ ಅರ್ಧ ಮಾಡಿದರೆ 18×23. ಅದನ್ನು ನಾಲ್ಕು ಮಾಡಿದರೆ ಒಂದೊಂದು 9×11.5. ಎ4 ಉದ್ದ 11.69 ಇಂಚು. ಕೂರುವುದೇ ಇಲ್ಲ, ನೋಡಿ! ಅದರ ಮೇಲೆ ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆಗೂ ಚಾಚಿದ ಬಣ್ಣ, ಬೇಕು, ಯಂತ್ರದ ಗ್ರಿಪ್ಪರ್ ಹಾಳೆ ಹಿಡಿಯಲು ಒಂದು ಬದಿ ಅರ್ಧ ಇಂಚು ಬಿಡಬೇಕು. ಜಾತ್ರೆಯ ಹ್ಯಾಂಡ್‌ಬಿಲ್ 8.5×11 ಇಂಚಿಗೆ ಮಾಡಿದರೆ ಈ 18×23 ಹಾಳೆಯಲ್ಲಿ ನಾಲ್ಕು ಬರುತ್ತವೆ. ಎ4 ಬೇಕೇ ಬೇಕಾದರೆ 25×36 ಹಾಳೆ ತರಿಸಬೇಕು, ಅದರಲ್ಲಿ ಎಂಟು ಕೂರುತ್ತವೆ. ಸಾವಿರಗಟ್ಟಲೆ ಅಚ್ಚು ಹಾಕಿಸುವಾಗ ಬಿಲ್ಲಿನಲ್ಲಿ ದೊಡ್ಡ ಪಾಲು ಹಾಳೆಯದೇ. ಫೈಲ್‌ನ ಅಳತೆ ಒಂದರ್ಧ ಇಂಚು ತಪ್ಪಿದರೂ ಗಿರಾಕಿ ರದ್ದಿಗೆ ದುಡ್ಡು ಕೊಟ್ಟಂತೆ.

ಹಾಳೆಗೆ ಎಳೆ ಇದೆ, ಅಂದರೆ ನಾರುಗಳು ಸಾಗುವ ದಿಕ್ಕು, ಗ್ರೇನ್ ಅಂತೀವಿ. 300 ಜಿಎಸ್‌ಎಂ ಕಾರ್ಡನ್ನು ಎಳೆಗೆ ಅಡ್ಡ ಮಡಚಿದರೆ ಮಡಿಕೆಯಲ್ಲಿ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತದೆ. ಎಳೆಯ ದಿಕ್ಕು ತಿಳಿಯಲು ಒಂದು ತುಂಡಿನ ಒಂದು ಮುಖಕ್ಕೆ ಮಾತ್ರ ನೀರು ಸವರಿ ನೋಡಿ. ಸುರುಳಿ ಸುತ್ತಿಕೊಂಡು ಕೊಳವೆ ಥರ ಆಗುತ್ತದೆ. ಆ ಕೊಳವೆಯ ಉದ್ದ ಯಾವ ಕಡೆಗೋ ಎಳೆಯೂ ಆ ಕಡೆಗೆ. ಮಡಿಕೆ ಅದೇ ದಿಕ್ಕಿಗೆ ಇರಲಿ, ಜೊತೆಗೆ ಕ್ರೀಸಿಂಗ್ (ಮಡಚುವ ಮುಂಚೆ ಒತ್ತುವ ಗೆರೆ) ಹಾಕಿಸಿ.

ನಮ್ಮ ಬೇಸಿಗೆಯ ಮಾತು ಬೇರೆಯೇ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು ಎರಡೂ 40 ಡಿಗ್ರಿ ದಾಟುತ್ತವೆ. ಗಾಳಿಯಲ್ಲಿ ಪಸೆ ಇರುವುದಿಲ್ಲ. ರೀಮು, ಅಂದರೆ ಹಾಳೆಯ ಕಟ್ಟು, ಬಿಚ್ಚಿಟ್ಟರೆ ಅಂಚು ಮೊದಲು ಒಣಗಿ ಕುಗ್ಗುತ್ತದೆ, ನಡುಭಾಗ ಉಬ್ಬುತ್ತದೆ. ಒಂದು ಬಣ್ಣದ ಯಂತ್ರದಲ್ಲಿ ಅದೇ ಹಾಳೆ ನಾಲ್ಕು ಸಲ ಹೋಗಬೇಕು. ಇಂಕು ಬೇಡದ ಕಡೆ ಅಂಟದಿರಲಿ ಅಂತ ಪ್ಲೇಟಿಗೆ ಹಚ್ಚುವ ನೀರು ಪ್ರತಿ ಸಲವೂ ಹಾಳೆಗೆ ತಾಗುತ್ತದೆ, ಆಮೇಲೆ ಆರುತ್ತದೆ. ಹಾಳೆ ಎಳೆಗೆ ಅಡ್ಡಲಾಗಿ ಜಾಸ್ತಿ ಹಿಗ್ಗಿ ಕುಗ್ಗುತ್ತದೆ. ನಾಲ್ಕನೇ ಬಣ್ಣ ಬೀಳುವಾಗ ಮೂಲೆಗಳಲ್ಲಿ ಕೂದಲೆಳೆಯಷ್ಟು ಜರುಗಿರುತ್ತದೆ. ರೀಮನ್ನು ಕೊನೆ ಗಳಿಗೆಯವರೆಗೂ ಬಿಚ್ಚದೆ ಇಡುವುದು ನಮ್ಮ ಕೆಲಸ. ಆದರೆ ಆ ಕೂದಲೆಳೆಯನ್ನು ತಡೆದುಕೊಳ್ಳುವಂಥ ಡಿಸೈನ್ ಮಾಡುವುದು ನಿಮ್ಮದು.

ಕನ್ನಡಕ್ಕೆ ಇದು ಇಂಗ್ಲಿಷಿಗಿಂತ ಜಾಸ್ತಿ ಹೊಡೆತ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಈ ಜೋಡಿಗಳಲ್ಲಿ ವ್ಯತ್ಯಾಸ ಇರುವುದು ಕೆಳಗಿನ ಒಂದು ಸಣ್ಣ ಸೀಳಿನಲ್ಲಿ. ಒತ್ತಕ್ಷರಗಳು ಇನ್ನೂ ಚಿಕ್ಕವು. ಸಣ್ಣ ಅಕ್ಷರವನ್ನು ನಾಲ್ಕು ಬಣ್ಣ ಸೇರಿಸಿದ ಕಪ್ಪಿನಲ್ಲಿ ಇಟ್ಟರೆ ಬಣ್ಣ ಜರುಗಿದಾಗ ಒತ್ತಿನ ಸಂದು ಮುಚ್ಚಿಹೋಗುತ್ತದೆ. ಓದುವ ಅಕ್ಷರಕ್ಕೆ ಕಪ್ಪು 100 ಮಾತ್ರ ಇಡಿ, ಉಳಿದ ಮೂರು ಸೊನ್ನೆ. ಗಾಢ ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಡುವುದಾದರೆ ದಪ್ಪ ಫಾಂಟು ಬಳಸಿ, ಹಿನ್ನೆಲೆ ಎರಡು ಬಣ್ಣ ದಾಟದಿರಲಿ. ಮ್ಯಾಪ್ಲಿಥೋ ಮೇಲಾದರೆ ಅಕ್ಷರದ ಗಾತ್ರ ಇನ್ನೊಂದು ಪಾಯಿಂಟ್ ಏರಿಸಿ.

ಫಾಂಟ್ ಕರ್ವ್ ಮಾಡಿಯೇ ಕಳಿಸಿ, ಅಂದರೆ ಅಕ್ಷರಗಳನ್ನು ಗೆರೆಯ ಆಕಾರಗಳಾಗಿ ಬದಲಿಸಿ. 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳು, ಯೂನಿಕೋಡ್ ಎರಡೂ ಬೆರೆತ ಫೈಲು ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಒತ್ತುಗಳು ಚೆಲ್ಲಾಪಿಲ್ಲಿ. ಕರ್ವ್ ಆಗದ ಒಂದು ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಕೊನೆ ಗಳಿಗೆಯಲ್ಲಿ ಹೆಸರು ತಿದ್ದುವ ಪ್ರಸಂಗ ಬಂದೇ ಬರುತ್ತದೆ. ಪ್ಲೇಟ್ ಮಾಡಿಸುವ ಮುಂಚೆ ಪ್ರೂಫ್ (ಮಾದರಿ ಪ್ರತಿ) ಕೇಳಿ. ಅಚ್ಚಾಗುವ ಹಾಳೆಯ ತುಂಡನ್ನೂ ಪಕ್ಕದಲ್ಲಿಟ್ಟು, ಎರಡನ್ನೂ ಗಿರಾಕಿಗೆ ಹಗಲು ಬೆಳಕಿನಲ್ಲಿ ತೋರಿಸಿ ಸಹಿ ಹಾಕಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ 'ಓಕೆ' ನೆಚ್ಚಿಕೊಂಡು ನಾನಂತೂ ಪ್ಲೇಟ್ ಹಾಕುವುದಿಲ್ಲ.