ರೆಪ್ಪೆಯ ಮಡಿಕೆಯಲ್ಲಿ ಸೇರುವ ಎಣ್ಣೆ

ಕೊಡವ ಮದುವೆಯ ಗಂಗಾಪೂಜೆಯಲ್ಲಿ ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತ ಮದುಮಗಳು, ವರನ ಕಡೆಯವರು ಕುಣಿದು ಕುಣಿದು ದಾರಿ ಬಿಡುವವರೆಗೂ ನಿಂತೇ ಇರಬೇಕು. ಮೇ ತಿಂಗಳ ಒಂದು ರಾತ್ರಿ ವಿರಾಜಪೇಟೆಯಲ್ಲಿ ಹೀಗೆ ನಿಂತಿದ್ದ ಗೆಳತಿಯ ಮುಖವನ್ನು ಹತ್ತಿರದಿಂದ ನೋಡಿದಾಗ, ಮುಹೂರ್ತಕ್ಕೆಂದು ರೆಪ್ಪೆಗೆ ಹಚ್ಚಿದ್ದ ಕಂದು ಬಣ್ಣವೆಲ್ಲ ಮಡಿಕೆಯೊಳಗೆ ಒಂದೇ ಗೆರೆಯಾಗಿ ಕೂತಿತ್ತು. ಅವಳು ಬಣ್ಣವನ್ನೇ ದೂರಿದಳು. ಬಣ್ಣದ ತಪ್ಪೇನೂ ಇರಲಿಲ್ಲ, ಅದರ ಅಡಿಯಲ್ಲಿ ಎಣ್ಣೆ ಸೇರಿತ್ತು.

ಈ ಎಣ್ಣೆ ಎಲ್ಲಿಂದ ಬರುತ್ತದೆ? ರೆಪ್ಪೆಯ ಚರ್ಮ ದೇಹದಲ್ಲೇ ಅತ್ಯಂತ ತೆಳುವಾದದ್ದು; ಅದರಲ್ಲಿ ತೈಲಗ್ರಂಥಿಗಳು ಮೂಗು, ಹಣೆಗಳಲ್ಲಿರುವಷ್ಟು ಒತ್ತಾಗಿ ಇರುವುದಿಲ್ಲ. ಆದರೆ ರೆಪ್ಪೆಯ ಅಂಚಿನಲ್ಲಿ, ಕೂದಲಿನ ಸಾಲಿನ ಹಿಂಬದಿಗೆ, ಮೈಬೋಮಿಯನ್ ಗ್ರಂಥಿಗಳು ಬಾಯ್ತೆರೆಯುತ್ತವೆ: ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಜರ್ಮನಿಯ ವೈದ್ಯ ಹೈನ್ರಿಖ್ ಮೈಬೋಮ್ 1666ರಲ್ಲಿ ವಿವರಿಸಿದ ಈ ಗ್ರಂಥಿಗಳ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡಿ ಅದು ಆವಿಯಾಗದಂತೆ ತಡೆಯುತ್ತದೆ. ಆದ್ದರಿಂದ ಅದನ್ನು ನಿಲ್ಲಿಸುವ ಯೋಚನೆಯೇ ಸಲ್ಲದು. ಇದಕ್ಕೆ ಹುಬ್ಬು ಮತ್ತು ಹಣೆಯಿಂದ ಇಳಿಯುವ ಎಣ್ಣೆಯೂ, ಬೆಳಿಗ್ಗೆ ನಾವೇ ಹಚ್ಚಿಕೊಂಡ ಕ್ರೀಮು, ಸನ್‌ಸ್ಕ್ರೀನ್‌ಗಳ ಜಿಡ್ಡೂ ಸೇರುತ್ತದೆ. ನನ್ನ ಅನುಭವದಲ್ಲಿ ಈ ಕೊನೆಯದರ ಪಾಲು ಸಣ್ಣದಲ್ಲ. ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಮಿಟುಕಿಸಿದರೂ ಹತ್ತು ಗಂಟೆಯಲ್ಲಿ 9,000 ಸಲ ಮಡಿಕೆ ಮುಚ್ಚಿ ತೆರೆದು, ಜಿಡ್ಡಿನಲ್ಲಿ ನೆನೆದ ಪುಡಿಯನ್ನು ಒಳಕ್ಕೆ ತಳ್ಳುತ್ತದೆ.

ನಮ್ಮ ಅಜ್ಜಿಯರು ದೀಪದ ಮಸಿಗೆ ಹರಳೆಣ್ಣೆ ಬೆರೆಸಿ ಮಾಡುತ್ತಿದ್ದ ಕಾಡಿಗೆ ಸಂಜೆಯ ಹೊತ್ತಿಗೆ ಹರಡುತ್ತಿದ್ದುದಕ್ಕೂ ಇದೇ ಕಾರಣ. ಎಣ್ಣೆಯಲ್ಲಿ ಕಲಸಿದ ಬಣ್ಣ ಚರ್ಮದ ಎಣ್ಣೆಯೊಡನೆ ಸುಲಭವಾಗಿ ಬೆರೆಯುತ್ತದೆ.

ಬಣ್ಣಕ್ಕೆ ಮೊದಲು ರೆಪ್ಪೆಗೆ ಹಚ್ಚುವ ಐ ಪ್ರೈಮರ್, ಎಣ್ಣೆ ಹುಟ್ಟುವುದನ್ನು ತಡೆಯುವುದಿಲ್ಲ. ಚರ್ಮಕ್ಕೂ ಬಣ್ಣಕ್ಕೂ ನಡುವೆ ಅದು ಎರಡು ಕೆಲಸಗಳಲ್ಲಿ ಒಂದನ್ನೋ ಎರಡನ್ನೋ ಮಾಡುತ್ತದೆ. ಮೊದಲನೆಯದು ಪೊರೆ ಕಟ್ಟುವುದು. ಐಸೊಡೋಡೆಕೇನ್ ಅಥವಾ ಸೈಕ್ಲೋಪೆಂಟಾಸಿಲೋಕ್ಸೇನ್‌ನಂಥ ಬೇಗ ಆರುವ ದ್ರವದಲ್ಲಿ ಟ್ರೈಮೀಥೈಲ್‌ಸಿಲೋಕ್ಸಿಸಿಲಿಕೇಟ್ ಎಂಬ ರಾಳವನ್ನು ಕರಗಿಸಿರುತ್ತಾರೆ. ದ್ರವ ಆರಿಹೋದಾಗ ನೀರಿಗೂ ಜಿಡ್ಡಿಗೂ ಸುಲಭಕ್ಕೆ ಜಗ್ಗದ ತೆಳು ಪದರ ಉಳಿಯುತ್ತದೆ. ಎರಡನೆಯದು ಹೀರುವುದು. ಸಿಲಿಕಾ, ಟಾಲ್ಕ್, ಕೇಯೊಲಿನ್ ಜೇಡಿಯಂಥ ಪುಡಿಗಳು ತಮ್ಮ ರಂಧ್ರಗಳಲ್ಲೂ ಕಣಗಳ ನಡುವೆಯೂ ಎಣ್ಣೆಯನ್ನು ಹಿಡಿದಿಡುತ್ತವೆ, ಆದರೆ ಜಾಗ ತುಂಬಿದ ಮೇಲೆ ಅವುಗಳಿಂದ ಏನೂ ಆಗದು. ನೀರು ಮತ್ತು ಗ್ಲಿಸರಿನ್ ಮುಂದಾಗಿರುವ ಮೃದು ಕ್ರೀಮಿನಂಥ ಪ್ರೈಮರ್‌ಗಳೂ ಉಂಟು. ಅವು ಒಣ ರೆಪ್ಪೆಯವರಿಗೆ ಹೆಚ್ಚು ಒಗ್ಗುತ್ತವೆ.

ಕೊರಿಯಾದ ಅಗ್ಗದ ಪ್ರೈಮರ್‌ಗಳನ್ನು ಹೋಲಿಸುವಾಗ ನಾನು ಹೆಸರಿಗಿಂತ ಮೊದಲು ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯನ್ನು ನೋಡುತ್ತೇನೆ. ಸಾಮಾನ್ಯವಾಗಿ ಹೆಚ್ಚು ಪ್ರಮಾಣದಲ್ಲಿರುವ ಪದಾರ್ಥ ಮೊದಲು ಬರುವುದರಿಂದ, ಆರಂಭದ ಐದಾರು ಹೆಸರುಗಳಲ್ಲೇ ಅದರ ಸ್ವಭಾವ ತಿಳಿಯುತ್ತದೆ. ಎಟ್ಯೂಡ್‌ನ ಪ್ರೂಫ್ 10, ರೆಪ್ಪೆಗೆಂದೇ ಮಾಡಿದ 10 ಗ್ರಾಂ ತೂಕದ ಪ್ರೈಮರ್. ಇನ್ನಿಸ್‌ಫ್ರೀಯ ನೋ ಸೀಬಮ್ ಮಿನರಲ್ ಪೌಡರ್ ಮುಖದ ಜಿಡ್ಡು ಹೀರುವ 5 ಗ್ರಾಂ ಪುಡಿ. ಅದನ್ನು ರೆಪ್ಪೆಗೂ ಬಳಸುವವರಿದ್ದಾರೆ. ಎರಡೂ ಅಮೋರ್‌ಪೆಸಿಫಿಕ್ ಸಮೂಹಕ್ಕೆ ಸೇರಿದವಾದರೂ ಇವುಗಳ ಕೆಲಸ ಒಂದೇ ಅಲ್ಲ, ಆದ್ದರಿಂದ ಇದು ಮೇಲೋ ಅದು ಮೇಲೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಪುಡಿಯನ್ನು ಪೊರೆಯ ಮೇಲೆ ಬಲು ತೆಳುವಾಗಿ ಒತ್ತಬಹುದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮಾತ್ರ ಸಡಿಲ ಪುಡಿಯಿಂದ ದೂರವಿರುವುದು ಲೇಸು.

ಕೊರಿಯಾದಲ್ಲೂ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಚಾಂಗ್ಮಾ ಎಂಬ ಮಳೆಗಾಲವಿದೆ. ಆದರೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ಮಡಿಕೇರಿಯ ಲೆಕ್ಕವೇ ಬೇರೆ. ಇಲ್ಲಿ ಬೆವರು ಆರುವುದಿಲ್ಲ. ಎಣ್ಣೆಯ ಜೊತೆಗೆ ನೀರೂ ರೆಪ್ಪೆಯ ಮೇಲೆ ಉಳಿಯುತ್ತದೆ. ಬೂಷ್ಟು ಹಿಡಿಯದಿರಲೆಂದು ಕ್ಯಾಮೆರಾ ಚೀಲದಲ್ಲಿ ಇಡುವ ಸಿಲಿಕಾ ಜೆಲ್ ಪೊಟ್ಟಣವನ್ನು ನೆನೆಯಿರಿ: ಸಿಲಿಕಾ ಎಣ್ಣೆಯನ್ನಷ್ಟೇ ಅಲ್ಲ, ಗಾಳಿಯ ತೇವವನ್ನೂ ಹೀರುತ್ತದೆ. ಬರೀ ಪುಡಿಯನ್ನು ನಂಬಿದವರು ಜೋರು ಮಳೆಯ ಕಕ್ಕಡ ಮಾಸದಲ್ಲಿ ನಿರಾಶರಾಗಬಹುದು, ಅದೇ ಪುಡಿ ಕುಶಾಲನಗರದ ಒಣ ಮಾರ್ಚಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡಬಹುದು. ಮಳೆನಾಡಿಗೆ ಪೊರೆ ಕಟ್ಟುವ ಪ್ರೈಮರ್ ಮೊದಲು, ಪುಡಿ ಆಮೇಲೆ ಎಂಬುದು ನನ್ನ ಅಭಿಪ್ರಾಯ.

ಅಗ್ಗ ಎಂಬ ಮಾತಿಗೂ ಒಂದು ಲೆಕ್ಕ ಬೇಕು. ಒಂದು ಕಣ್ಣಿಗೆ ಭತ್ತದ ಕಾಳಿನಷ್ಟು, ಅಂದರೆ ಸುಮಾರು 25 ಮಿಲಿಗ್ರಾಂ ಸಾಕು. ಎರಡು ಕಣ್ಣಿಗೆ 50 ಮಿಲಿಗ್ರಾಂ ಎಂದರೆ 10 ಗ್ರಾಂ ಟ್ಯೂಬು 200 ದಿನಕ್ಕೆ ಬರುತ್ತದೆ. ಮದುವೆ, ಪುತ್ತರಿ, ಕೈಲ್ ಮುಹೂರ್ತಕ್ಕೆಂದು ಮಾತ್ರ ಬಳಸುವವರ ಟ್ಯೂಬು ಮುಗಿಯುವ ಮೊದಲೇ, ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂದು ತೆರೆದ ಡಬ್ಬಿಯ ಚಿತ್ರದ ಪಕ್ಕ ಅಚ್ಚಾಗಿರುವ ಅವಧಿ ಕಳೆದಿರುತ್ತದೆ. ಅಂಥವರಿಗೆ ಗ್ರಾಂ ಲೆಕ್ಕದಲ್ಲಿ ದುಬಾರಿ ಎನಿಸಿದರೂ ಸಣ್ಣ ಟ್ಯೂಬೇ ಅಗ್ಗ.

ಎರಡು ಪ್ರೈಮರ್‌ಗಳನ್ನು ಎರಡು ಬೇರೆ ದಿನ ಹಚ್ಚಿ ತೀರ್ಮಾನಿಸಬೇಡಿ. ಒಂದು ದಿನ ಬಿಸಿಲಿದ್ದು ಮರುದಿನ ಮಂಜು ಮುಸುಕಿದರೆ ನೀವು ಹೋಲಿಸಿದ್ದು ಹವೆಯನ್ನೇ. ಒಂದೇ ದಿನ ಬಲಗಣ್ಣಿಗೆ ಒಂದು, ಎಡಗಣ್ಣಿಗೆ ಇನ್ನೊಂದು ಹಚ್ಚಿ, ಮೇಲೆ ಒಂದೇ ಬಣ್ಣ ಬಳಿದು, ಎರಡೆರಡು ಗಂಟೆಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಮರುದಿನ ಕಣ್ಣು ಅದಲುಬದಲು ಮಾಡಿ, ಏಕೆಂದರೆ ಅನೇಕರ ಎರಡು ರೆಪ್ಪೆಗಳ ಮಡಿಕೆ ಒಂದೇ ಆಳದ್ದಲ್ಲ. ಕ್ರೀಮು ಹಚ್ಚಿದ್ದರೆ ಹತ್ತು ನಿಮಿಷ ಬಿಟ್ಟು, ರೆಪ್ಪೆಯನ್ನು ಒರೆಸಿ ಪ್ರೈಮರ್ ಹಚ್ಚಿ, ಅದು ಆರುವವರೆಗೆ ಕಣ್ಣು ಕೆಳಗೆ ಮಾಡಿಕೊಂಡಿರಿ. ರಾತ್ರಿ ಪೊರೆಯನ್ನು ತೆಗೆಯಲು ನೀರು ಸಾಲದು. ಎಣ್ಣೆ ಬೆರೆತ ರಿಮೂವರ್‌ನಲ್ಲಿ ಅದ್ದಿದ ಹತ್ತಿಯನ್ನು ಉಜ್ಜದೆ, ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದರೆ ಬಣ್ಣ ಅದರೊಂದಿಗೇ ಬರುತ್ತದೆ.